ಹೆಳವರ ಪುಸ್ತಕದಲ್ಲಿ ನಮ್ಮಜ್ಜಿ

ಹೋದ ವಾರ ಅರಸೀಕೆರೆ ಹತ್ತಿರದ ನಮ್ಮೂರಿಗೆ ಹೆಳವರು ಬಂದಿದ್ದರು. ರಾಗಿ ಒಕ್ಕಣೆ ಮುಗಿದ ಮೇಲೆ ಬರುವುದು ಅವರ ವಾಡಿಕೆ. ಆದರೆ ನಮ್ಮ ಮನೆ ಬಾಗಿಲಿಗೆ ಬಂದು ಎಂಟು ವರ್ಷವಾಗಿತ್ತು. ಮೊದಲೆಲ್ಲ ಕಾಲಿಗೆ ಕಂಬಳಿ ಹೊದ್ದು, ಎತ್ತಿನ ಮೇಲೆ ಕೂತು ಬರುತ್ತಿದ್ದರು, 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಪುಸ್ತಕ ಬರೆದ ಬ್ರಿಟಿಷ್ ವಿದ್ವಾಂಸ ಎಡ್ಗರ್ ಥರ್ಸ್ಟನ್ ಮೈಸೂರು, ಬಳ್ಳಾರಿ ಕಡೆಯ ಹೆಳವರ ಬಗ್ಗೆ ಹೀಗೇ ಬರೆದಿದ್ದಾರೆ. ಈ ಸಲ ಬಂದಿದ್ದು ಬೈಕಿನಲ್ಲಿ.

ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು ಊರೂರು ತಿರುಗುವವರು ಇವರು. ಹಿರಿಯರ ಹೆಸರು ಓದುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಸೇರಿಸುತ್ತಾರೆ, ಕಾಳು ಕಡಿ, ದುಡ್ಡು ತಗೊಂಡು ಮುಂದಿನ ಮನೆಗೆ ಹೋಗುತ್ತಾರೆ.

ಜಗಲಿ ಮೇಲೆ ಕೆಂಪು ಬಟ್ಟೆ ಬಿಚ್ಚಿದರು. ಅಂಚೆಲ್ಲ ಮೆತ್ತಗಾದ ಉದ್ದನೆ ಪುಸ್ತಕ. ಅವ್ವ ಅದಕ್ಕೆ ಅರಿಶಿನ ಕುಂಕುಮ ಇಟ್ಟರು.

"ಧಾತು ಈಶ್ವರದ ಬರದಲ್ಲಿ ನಿಮ್ಮೋರು ಕಡೂರು ಸೀಮೆ ಬಿಟ್ಟು, ಎರಡು ಎತ್ತು ಹೊಡ್ಕಂಡು ಇಲ್ಲಿಗೆ ಬಂದ್ರು ಗೌಡ್ರೇ."

ಧಾತು, ಈಶ್ವರ ಅಂದರೆ ಸಂವತ್ಸರದ ಹೆಸರು, 1876ರಿಂದ 78. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದಿದ್ದರು. ಈ ಲೆಕ್ಕ ನಾನು ಮೊದಲೇ ಓದಿದ್ದೆ. ಉಳಿದವರಲ್ಲಿ ನಮ್ಮವರೂ ಇದ್ದರು, ಎರಡು ಎತ್ತಿನ ಜೊತೆ ನಡೆದು ಬಂದರು ಅಂತ ಕೇಳಿದಾಗ ಮೈ ಜುಂ ಅಂತು.

ಹೆಸರುಗಳು ಬರುತ್ತಾ ಹೋದವು. ಎಲ್ಲಾ ಗಂಡಸರದ್ದೇ.

"ನಮ್ಮಜ್ಜಿ ಹೆಸರು?" ಅಂತ ಕೇಳಿದೆ.

"ಹೆಣ್ಣು ಹೆಸರು ಬರೆಯೋದಿಲ್ಲ ತಾಯಿ, ಹಿಂದಿನಿಂದ ಹಂಗೇ."

ನನಗೆ ತಡೆಯಲಾಗಲಿಲ್ಲ. ತಾತ ತೀರಿಹೋದಾಗ ಅಪ್ಪನಿಗೆ ನಾಲ್ಕು ವರ್ಷ. ಹೊಲ ಮಾರದೆ ಉಳಿಸಿಕೊಂಡು, ಊರಿಗೆಲ್ಲ ಸೋಬಾನೆ ಹೇಳಿಕೊಟ್ಟವಳು ಅಜ್ಜಿ. ಅವಳಿಲ್ಲದೆ ಇದು ಯಾವ ಮನೆತನ? ಬೇರು ಬೇಕು, ಸಂಸ್ಕೃತಿ ಉಳೀಬೇಕು ಅಂತೀವಲ್ಲ, ಅರ್ಧ ಬೇರು ಬಿಟ್ಟು ಉಳಿಸೋದು ಹೇಗೆ?

ಪುಸ್ತಕದ ಫೋಟೊ ಮಾತ್ರ ಕೇಳಲಿಲ್ಲ. ಅದು ಅವರ ಅನ್ನ. ಮಗ ಬೆಂಗಳೂರು ಸೇರಿದ್ದಾನೆ, ನನ್ನ ಕಾಲಕ್ಕೇ ಮುಗೀತು ಅಂದರು ಆ ಹಿರಿಯರು. ಒಂದು ಚೀಲ ರಾಗಿ, ಕೊಬ್ಬರಿ, ಸ್ವಲ್ಪ ಜಾಸ್ತಿಯೇ ದುಡ್ಡು ಕೊಟ್ಟೆವು.

ಹೊರಡುವ ಮುಂಚೆ ಅವರೇ ಪುಸ್ತಕ ಮತ್ತೆ ಬಿಚ್ಚಿ ಪೆನ್ನು ತೆಗೆದರು. "ಹೇಳಿ ಗೌಡ್ರೇ, ನಿಮ್ಮವ್ವನ ಹೆಸರು."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಊರೆಲ್ಲ ಅವಳನ್ನು ದೊಡ್ಡವ್ವ ಅಂತಲೇ ಕರೆದಿದ್ದು. ಆಮೇಲೆ ಮೆಲ್ಲಗೆ ಹೇಳಿದರು, "ನಿಂಗಮ್ಮ."