ಬೇರೊಬ್ಬರ ಚಿತ್ರವನ್ನು ನಕಲು ಮಾಡಿದರೆ ಸ್ವಂತಿಕೆ ಉಳಿಯುತ್ತದೆಯೇ?

ಯುರೋಪಿನ ನವೋದಯ (ರಿನೈಸಾನ್ಸ್) ಕಾಲದ ಚಿತ್ರವೊಂದನ್ನು ನಕಲು ಮಾಡುತ್ತಾ ನಾನು ತೈಲವರ್ಣ ಕಲಿಯುತ್ತಿದ್ದೇನೆಂದು ತಿಳಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು. ನಾನು ಆರಿಸಿಕೊಂಡದ್ದು, 1515ರ ಸುಮಾರಿಗೆ ವೆನಿಸ್‌ನ ಚಿತ್ರಕಾರ ಟಿಶಿಯನ್ ರಚಿಸಿದ, ಈಗ ಫ್ಲಾರೆನ್ಸ್‌ನ ಉಫೀಜಿ ಸಂಗ್ರಹಾಲಯದಲ್ಲಿರುವ ‘ಫ್ಲೋರಾ’. ಬಿಳಿಯ ಒಳ ಅಂಗಿ ಭುಜದಿಂದ ಜಾರಿರುವ, ಕೈಯಲ್ಲಿ ಹೂ ಹಿಡಿದ ಹೆಣ್ಣಿನ ಚಿತ್ರ.

ಉಳಿಯುತ್ತದೆ ಎಂಬುದೇ ನನ್ನ ಉತ್ತರ. ರೂಬೆನ್ಸ್ ಐವತ್ತು ದಾಟಿದ, ಯುರೋಪಿನಲ್ಲೆಲ್ಲ ಹೆಸರಾದ ಕಲಾವಿದನಾಗಿದ್ದಾಗಲೂ 1628–29ರಲ್ಲಿ ಮ್ಯಾಡ್ರಿಡ್‌ನಲ್ಲಿ ಕುಳಿತು ಟಿಶಿಯನ್ನನ ‘ಆದಂ ಮತ್ತು ಈವ್’ ಚಿತ್ರವನ್ನು ನಕಲು ಮಾಡಿದ. ಹಾಗೆ ಮಾಡುತ್ತಲೇ ಆದಂನ ಭಂಗಿಯನ್ನು ಬದಲಿಸಿ, ಮೂಲದಲ್ಲಿಲ್ಲದ ಗಿಳಿಯೊಂದನ್ನೂ ಸೇರಿಸಿದ. ಎರಡೂ ಚಿತ್ರಗಳು ಪ್ರಾಡೊ ಸಂಗ್ರಹಾಲಯದಲ್ಲಿವೆ.

ಆದರೆ ನಕಲು ಮಾಡಬೇಕಾದದ್ದು ಮುಗಿದ ಚಿತ್ರದ ಮೇಲ್ಮೈಯನ್ನಲ್ಲ, ಅದು ಪದರ ಪದರವಾಗಿ ರೂಪುಗೊಂಡ ಕ್ರಮವನ್ನು. ಫ್ಲೋರಾಳ ಭುಜದಲ್ಲಿ ಬೆಳಕು ನೆರಳಿಗೆ ತಿರುಗುವ ಅಂಚನ್ನು ನೋಡಿ: ಅಲ್ಲಿ ಚರ್ಮ ತುಸು ಬೂದುನೀಲಿಯಾಗಿ ತೋರುತ್ತದೆ. ಹೊಸಬರು ಮೈಬಣ್ಣಕ್ಕೆ ನೀಲಿ ಬೆರೆಸಿ ಹಚ್ಚುತ್ತಾರೆ, ಚರ್ಮ ನಿರ್ಜೀವವಾಗುತ್ತದೆ. ಕೆಳಗೆ ಅಂಬರ್ (umber) ಎಂಬ ಕಂದು ಮಣ್ಣಿನ ಬಣ್ಣದಲ್ಲಿ ನೆರಳು ಬೆಳಕುಗಳನ್ನು ಗುರುತಿಸಿ, ಅದು ಒಣಗಿದ ಮೇಲೆ ಬಿಳಿ ಬೆರೆತ ಮೈಬಣ್ಣವನ್ನು ಬಹಳ ತೆಳುವಾಗಿ ಎಳೆದರೆ, ನೀಲಿಯ ಸೋಂಕೇ ಇಲ್ಲದೆ ಆ ತಂಪು ಛಾಯೆ ತಾನಾಗಿ ಮೂಡುತ್ತದೆ. ಕಪ್ಪು ಹಿನ್ನೆಲೆಯ ಮುಂದೆ ಹೊಗೆ ನೀಲಿಯಾಗಿ ಕಾಣುವುದಕ್ಕೂ ಇದಕ್ಕೂ ಕಾರಣ ಒಂದೇ. ಗಾಢ ಬಣ್ಣದ ಮೇಲಿನ ತೆಳುವಾದ ತಿಳಿಬಣ್ಣದ ಪದರ ನೀಲಿ ಬೆಳಕನ್ನೇ ಹೆಚ್ಚಾಗಿ ಚದುರಿಸುತ್ತದೆ. ಇದನ್ನು ಓದಿ ತಿಳಿಯುವುದು ಬೇರೆ, ಸ್ವಂತ ಕುಂಚದಡಿಯಲ್ಲಿ ಆಗುವುದನ್ನು ನೋಡುವುದು ಬೇರೆ.

ಅಂಬರನ್ನು ಅಡಿಪದರಕ್ಕೆ ಬಳಸುವುದಕ್ಕೆ ಇನ್ನೊಂದು ಕಾರಣವಿದೆ. ತೈಲವರ್ಣದಲ್ಲಿ ಬಣ್ಣದ ಪುಡಿಯನ್ನು ಕಲಸುವ ಅಗಸೆ ಎಣ್ಣೆ ನೀರಿನಂತೆ ಆವಿಯಾಗದೆ ಗಾಳಿಯ ಆಮ್ಲಜನಕದೊಡನೆ ಸೇರಿ ಗಟ್ಟಿಯಾಗುತ್ತದೆ; ಅಂಬರ್‌ನಲ್ಲಿರುವ ಮ್ಯಾಂಗನೀಸ್ ಈ ಕ್ರಿಯೆಯನ್ನು ಚುರುಕುಗೊಳಿಸುತ್ತದೆ. ಮೇಲಿನ ಪದರಗಳಿಗೆ ಹೋದಂತೆ ಎಣ್ಣೆಯ ಪ್ರಮಾಣ ಹೆಚ್ಚಬೇಕು, ಇಲ್ಲದಿದ್ದರೆ ಮುಂದೆ ಚಿತ್ರ ಬಿರುಕು ಬಿಡಬಹುದು.

ಮುದ್ರಿತ ಪ್ರತಿಯನ್ನು ನೋಡಿ ಬರೆಯುವವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಹಳೆಯ ಚಿತ್ರಗಳ ಹೊಂಬಣ್ಣದಲ್ಲಿ ಎಷ್ಟೋ ಬಾರಿ ಹಳದಿಗಟ್ಟಿದ ವಾರ್ನಿಶ್‌ನ ಪಾಲೂ ಇರುತ್ತದೆ. ಅದನ್ನು ಮೈಬಣ್ಣದಲ್ಲಿ ಬೆರೆಸಲು ಹೋಗಬೇಡಿ. ಮೊದಲಿಗೆ ಇಡೀ ಆಕೃತಿಗೆ ಕೈ ಹಾಕುವುದಕ್ಕಿಂತ ಒಂದು ಭುಜವನ್ನೋ ಬಟ್ಟೆಯ ಒಂದು ಮಡಿಕೆಯನ್ನೋ ಮೂಲದಷ್ಟೇ ಗಾತ್ರದಲ್ಲಿ ಬರೆಯಿರಿ. ಮುಖವನ್ನು ಕೊನೆಗಿಟ್ಟುಕೊಳ್ಳಿ, ಏಕೆಂದರೆ ಅಲ್ಲಿ ಹೋಲಿಕೆಯ ಚಿಂತೆ ಪದರಗಳ ಮೇಲಿನ ಗಮನವನ್ನು ನುಂಗಿಬಿಡುತ್ತದೆ.