‘ಒಂದು ಬಾಟಲಿಗೆ ಎಷ್ಟು ಬೀಳುತ್ತದೆ?’ ಎಂದು ಕೇಳುವವರಿಗೆ

ನಾನೇ ಜೋಡಿಸಿ, ನಾನೇ ವೈರಿಂಗ್ ಮಾಡಿಕೊಂಡಿರುವ ಬಿಯರ್ ತಯಾರಿಕೆಯ ಸಲಕರಣೆಯನ್ನು ಮನೆಗೆ ಬಂದವರು ಕಂಡರೆ ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಒಂದು ಬಾಟಲಿಗೆ ಎಷ್ಟು ಬೀಳುತ್ತದೆ?’ ಇದಕ್ಕೆ ಬಾಯಿಮಾತಿನಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಓದಲು ಕೊಡುತ್ತೇನೆ.

ಅಗ್ಗವಾಗಿ ಬೀಳುವುದಿಲ್ಲ. ಒಂದು ಸಲಕ್ಕೆ 20 ಲೀಟರ್, ಅಂದರೆ ಅರ್ಧ ಲೀಟರಿನ ಸುಮಾರು 40 ಬಾಟಲಿ ಬಿಯರ್ ಸಿಗುತ್ತದೆ. ಅದಕ್ಕೆ 4ರಿಂದ 5 ಕಿಲೋ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಸ್ವಲ್ಪ ಹಾಪ್ಸ್ (ಕಹಿ ಕೊಡುವ ಹೂ), ಯೀಸ್ಟ್ ಮತ್ತು ಸುಮಾರು 5 ಯುನಿಟ್ ವಿದ್ಯುತ್ ಬೇಕು. ಇಷ್ಟನ್ನೇ ಕೂಡಿಸಿದರೆ ಲೆಕ್ಕ ಚೆನ್ನಾಗಿ ಕಾಣುತ್ತದೆ. ಆದರೆ ಸ್ಟೀಲ್ ಪಾತ್ರೆ, ಪಂಪ್, ಹೀಟಿಂಗ್ ಎಲಿಮೆಂಟ್, ಶಾಖವನ್ನು ಹತೋಟಿಯಲ್ಲಿಡುವ ಕಂಟ್ರೋಲರ್‌ಗಳ ಬೆಲೆಯನ್ನೂ, ತೊಳೆಯುವುದರಿಂದ ಹಿಡಿದು ತಣ್ಣಗಾಗಿಸುವವರೆಗೆ ಹಿಡಿಯುವ ಐದಾರು ಗಂಟೆಗಳನ್ನೂ ಸೇರಿಸಿದ ಮೇಲೆ ಉಳಿತಾಯದ ಮಾತು ಉಳಿಯುವುದಿಲ್ಲ. ಹಣ ಉಳಿಸಲೆಂದು ಯಾರೂ ಇದಕ್ಕೆ ಕೈ ಹಾಕಬೇಡಿ. ಒಂದು ಬಾಟಲಿ ಕೇಳಿ ಪಡೆಯುವುದಕ್ಕೆ ಪೀಠಿಕೆಯೆಂದು ಬೆಲೆ ವಿಚಾರಿಸುವವರೂ ಇದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ಸಂತೋಷದಿಂದಲೇ ಕೊಡುತ್ತೇನೆ.

ನನಗೆ ಬೇಸರವಾಗುವುದು ಪ್ರಶ್ನೆ ಬರುವ ಹೊತ್ತಿನಿಂದ. 3,000 ವ್ಯಾಟ್‌ನ ಎಲಿಮೆಂಟ್ 30 ಲೀಟರ್ ನೀರಿನೊಳಗೆ ಮುಳುಗಿದೆ, 230 ವೋಲ್ಟ್ ಪೂರೈಕೆಯಿಂದ 13 ಆಂಪಿಯರ್ ಹರಿಯುತ್ತಿದೆ, ಕಾಲಡಿಯ ನೆಲ ಒದ್ದೆಯಾಗಿದೆ, ಕೇಳುವವರ ಒಂದು ಕೈ ಆ ಪಾತ್ರೆಯ ಹಿಡಿಯ ಮೇಲಿದೆ. ಆಗ ಅವರಿಗೆ ತೋಚುವುದು ಬಾಟಲಿಯ ಬೆಲೆ! ‘ಪಾತ್ರೆಗೆ ಅರ್ತ್ ಕೊಟ್ಟಿದ್ದೀರಾ?’ ಎಂದು ಈವರೆಗೆ ಕೇಳಿದವರು ಒಬ್ಬರೇ. ಅವರು ಬೇರೆ ಯಾವುದೋ ಕೆಲಸಕ್ಕೆ ಬಂದಿದ್ದ ಎಲೆಕ್ಟ್ರಿಷಿಯನ್. ಉತ್ತರ ಸಿಗುವವರೆಗೂ ಅವರು ಪಾತ್ರೆಯನ್ನು ಮುಟ್ಟಲಿಲ್ಲ. ಹೌದು, ಅರ್ತ್ ಕೊಟ್ಟಿದ್ದೇನೆ. ಅದರ ಜೊತೆಗೆ 30 ಮಿಲಿ ಆಂಪಿಯರ್ ಸೋರಿಕೆಗೆ ಸರಬರಾಜನ್ನು ಕಡಿಯುವ ಆರ್‌ಸಿಸಿಬಿಯೂ ಇದೆ. ಇವೆರಡಿಲ್ಲದೆ ನೀರಿನಲ್ಲಿ ಎಲಿಮೆಂಟ್ ಮುಳುಗಿಸುವವರನ್ನು ನಾನು ಜೊತೆಗಾರರೆಂದು ಒಪ್ಪುವುದಿಲ್ಲ.

ಹೀಟರ್ ನಿಲ್ಲಬೇಕಾದಾಗ ನಿಲ್ಲದೇ ಹೋದರೆ ಏನು ಮಾಡುತ್ತೀರಿ ಎಂಬುದನ್ನು ಮಾತ್ರ ಆ ಎಲೆಕ್ಟ್ರಿಷಿಯನ್ನರೂ ಕೇಳಲಿಲ್ಲ. ನನ್ನನ್ನು ಯಾರಾದರೂ ಕೇಳಬೇಕೆಂದು ನಾನು ಬಯಸುವ ಪ್ರಶ್ನೆ ಅದು, ಏಕೆಂದರೆ ನನ್ನ ಮೊದಲ ಪ್ಯಾನೆಲ್‌ನಲ್ಲಿ, ಅಂದರೆ ನಿಯಂತ್ರಣ ಪೆಟ್ಟಿಗೆಯಲ್ಲಿ, ಅದಕ್ಕೆ ಉತ್ತರವಿರಲಿಲ್ಲ.

ಮಾಲ್ಟ್‌ನ ಪಿಷ್ಟ ಸಕ್ಕರೆಯಾಗುವುದು ಕಿಣ್ವಗಳಿಂದ, ಮತ್ತು ಈ ಕಿಣ್ವಗಳು ಉಷ್ಣತೆಯ ವಿಷಯದಲ್ಲಿ ತೀರ ನಾಜೂಕು. ಬೀಟಾ ಅಮೈಲೇಸ್ 60ರಿಂದ 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಚುರುಕಾಗಿದ್ದು 70ರ ಸುಮಾರಿಗೆ ಬೇಗನೆ ನಾಶವಾಗುತ್ತದೆ. ಆಲ್ಫಾ ಅಮೈಲೇಸ್ ಇನ್ನೂ ಸ್ವಲ್ಪ ಮೇಲಿನ ಶಾಖವನ್ನು ತಡೆಯುತ್ತದೆ. ಇವೆರಡರ ನಡುವಿನ ಒಪ್ಪಂದವಾಗಿ ಒಂದು ಗಂಟೆ 66 ಅಥವಾ 67 ಡಿಗ್ರಿಯಲ್ಲಿ ಮ್ಯಾಶ್ ಅನ್ನು, ಅಂದರೆ ಮಾಲ್ಟ್ ಮತ್ತು ಬಿಸಿನೀರಿನ ಮಿಶ್ರಣವನ್ನು, ಹಿಡಿದಿಡುವುದು ರೂಢಿ, ಮತ್ತು ಕಂಟ್ರೋಲರ್ ಬೇಕಾಗುವುದೇ ಇದಕ್ಕೆ. ಉಷ್ಣತೆ ಅಳೆಯಲು ನಾನು ಬಳಸುವ ಪಿಟಿ100 ಸೆನ್ಸರ್‌ನ ರೋಧ ಸೊನ್ನೆ ಡಿಗ್ರಿಯಲ್ಲಿ 100 ಓಮ್ ಇದ್ದು, ಡಿಗ್ರಿಗೆ ಸುಮಾರು 0.385 ಓಮ್‌ನಷ್ಟು ಏರುತ್ತದೆ. ಆದ್ದರಿಂದ ಎರಡೇ ತಂತಿಯಲ್ಲಿ ಅದನ್ನು ಜೋಡಿಸಿ, ಆ ತಂತಿಗಳ ರೋಧವೇ ಒಂದು ಓಮ್ ಆದರೆ, ಪರದೆಯಲ್ಲಿ ಎರಡೂವರೆ ಡಿಗ್ರಿಗಿಂತ ಹೆಚ್ಚಿನ ಸುಳ್ಳು ಕಾಣುತ್ತದೆ. ಮೂರು ತಂತಿಯ ಜೋಡಣೆ ಈ ದೋಷವನ್ನು ಕಳೆಯುತ್ತದೆ. ಇಷ್ಟನ್ನೆಲ್ಲ ಓದಿ, ಅಳೆದು, ಬಹಳ ಜಾಗ್ರತೆಯಿಂದಲೇ ನಾನು ಮೊದಲ ಪ್ಯಾನೆಲ್ ಕಟ್ಟಿದ್ದೆ.

ಆ ದಿನ ಮ್ಯಾಶ್ 67ಕ್ಕೆ ಬಂದು ನಿಂತಿತು. ಕಂಟ್ರೋಲರ್‌ನ ಔಟ್‌ಪುಟ್ ದೀಪ ಆರಿತು. ಹಾಪ್ಸ್ ತೂಗಿಟ್ಟು ತಿರುಗಿ ನೋಡುವಾಗ ಪರದೆಯಲ್ಲಿ 69 ಇತ್ತು. ದೀಪ ಆರಿಯೇ ಇತ್ತು. 71 ಆಯಿತು. ಸೆನ್ಸರ್ ಕೆಟ್ಟಿದೆಯೆಂದು ನಂಬಿ ಕೈಯ ಥರ್ಮಾಮೀಟರ್ ಅದ್ದಿದರೆ ಅದೂ 72 ಎಂದಿತು. ಕಂಟ್ರೋಲರ್‌ನ ಸ್ವಿಚ್ ಆರಿಸಿದೆ. ಪರದೆ ಕಪ್ಪಾಯಿತು, ಆದರೆ ಎಲಿಮೆಂಟ್‌ನ ಮೆಲ್ಲನೆಯ ಸದ್ದು ನಿಲ್ಲಲಿಲ್ಲ. ಕಂಟ್ರೋಲರ್ ಸತ್ತ ಮೇಲೂ ಹೀಟರ್ ಉರಿಯುತ್ತಲೇ ಇರುವುದನ್ನು ಕೇಳಿಸಿಕೊಂಡ ಆ ಕ್ಷಣವನ್ನು ನಾನು ಮರೆತಿಲ್ಲ. ಗೋಡೆಯ ಪ್ಲಗ್ ಕಿತ್ತ ಮೇಲೆಯೇ ಅದು ನಿಂತದ್ದು.

ಪೆಟ್ಟಿಗೆ ತೆರೆದು ಮೀಟರ್ ಹಿಡಿದಾಗ ಕಾರಣ ತಿಳಿಯಿತು. ಕಂಟ್ರೋಲರ್‌ನ ಆಜ್ಞೆಯಂತೆ ಎಲಿಮೆಂಟನ್ನು ಹಚ್ಚಿ ಆರಿಸುವ ಸಾಲಿಡ್ ಸ್ಟೇಟ್ ರಿಲೇ ಒಳಗೇ ಶಾರ್ಟ್ ಆಗಿತ್ತು. ಈ ರಿಲೇ ಕೆಡುವಾಗ ಸಾಮಾನ್ಯವಾಗಿ ಹೀಗೆಯೇ, ಅಂದರೆ ಹಚ್ಚಿದ ಸ್ಥಿತಿಯಲ್ಲೇ ಕೆಡುತ್ತದೆ. ಅದು ಕೆಲಸ ಮಾಡುವಾಗ ಅದರೊಳಗೆ ಒಂದು ವೋಲ್ಟ್‌ಗಿಂತ ಸ್ವಲ್ಪ ಹೆಚ್ಚು ನಷ್ಟವಾಗುವುದರಿಂದ 13 ಆಂಪಿಯರ್‌ಗೆ ಹದಿನೈದು ವ್ಯಾಟ್‌ನಷ್ಟು ಬಿಸಿ ಅದರಲ್ಲೇ ಹುಟ್ಟುತ್ತದೆ; ಆ ಬಿಸಿಯನ್ನು ಹೊರಹಾಕಲು ನಾನು ಹಾಕಿದ್ದ ಹೀಟ್‌ಸಿಂಕ್ ಅದಕ್ಕೆ ಚಿಕ್ಕದಾಗಿತ್ತು, ಮುಚ್ಚಿದ ಪೆಟ್ಟಿಗೆಯಲ್ಲಿ ಗಾಳಿಯೂ ಆಡುತ್ತಿರಲಿಲ್ಲ. ಒಂದು ಟರ್ಮಿನಲ್‌ನ ಸ್ಕ್ರೂ ಸಡಿಲವಾಗಿ ಪಕ್ಕದ ಪ್ಲಾಸ್ಟಿಕ್ ಕಂದಾಗಿತ್ತು. ಸಡಿಲ ಸಂಪರ್ಕದ ರೋಧ ಒಂದು ಓಮ್‌ನ ಹತ್ತನೇ ಒಂದು ಭಾಗವೇ ಇದ್ದರೂ 13ರ ವರ್ಗದಿಂದ ಗುಣಿಸಿದಾಗ ಆ ಚಿಕ್ಕ ಚುಕ್ಕೆಯಲ್ಲಿ ಸುಮಾರು 17 ವ್ಯಾಟ್ ಬಿಸಿ ಕೂಡಿಬೀಳುತ್ತದೆ. ಪ್ರವಾಹದ ವರ್ಗಕ್ಕೆ ಅನುಗುಣವಾಗಿ ತಂತಿ ಬಿಸಿಯಾಗುತ್ತದೆ ಎಂಬುದನ್ನು 1841ರಲ್ಲಿ ಪ್ರಕಟಿಸಿದ ಜೇಮ್ಸ್ ಪ್ರೆಸ್ಕಾಟ್ ಜೌಲ್ ಇಂಗ್ಲೆಂಡಿನ ಬಿಯರ್ ತಯಾರಕರ ಮನೆತನದವನು ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಸ್ಕ್ರೂ ಬಿಗಿಮಾಡುವಾಗಲೆಲ್ಲ ಅವನ ನೆನಪಾಗುತ್ತದೆ.

ಆ ಬಿಯರ್ ಹಾಳಾಗಲಿಲ್ಲ, ಆದರೆ ಬೀಟಾ ಅಮೈಲೇಸ್ ನಾಶವಾದ್ದರಿಂದ ಯೀಸ್ಟ್ ತಿನ್ನಲಾರದ ಸಕ್ಕರೆಗಳು ಉಳಿದು ದಪ್ಪಗೆ, ಸಿಹಿಯಾಗಿ ಉಳಿಯಿತು. ಸಾಂದ್ರತೆ (ನೀರಿನದು 1.000) 1.012ಕ್ಕೆ ಇಳಿಯಬೇಕಾದದ್ದು 1.024ರಲ್ಲೇ ನಿಂತಿತು.

ಈಗಿನ ಪ್ಯಾನೆಲ್‌ನಲ್ಲಿ ರಿಲೇಗಿಂತ ಮುಂಚೆ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಕಂಟ್ಯಾಕ್ಟರ್ (ಕಾಯಿಲ್‌ನ ಕಾಂತಬಲದಿಂದ ಮುಚ್ಚಿಕೊಳ್ಳುವ ಸ್ವಿಚ್) ಇದೆ. ಅದರ ಕಾಯಿಲ್‌ಗೆ ಹೋಗುವ ತಂತಿ ಸರಣಿಯಲ್ಲಿ ಮೂರು ಕಡೆ ಹಾದುಹೋಗುತ್ತದೆ: ಕೈಗೆಟಕುವ ಕೆಂಪು ತುರ್ತು ಗುಂಡಿ, ಕಂಟ್ರೋಲರ್‌ಗೆ ಸಂಬಂಧವೇ ಇಲ್ಲದ ಪ್ರತ್ಯೇಕ ಥರ್ಮೋಸ್ಟಾಟ್, ಮತ್ತು ಎಲಿಮೆಂಟ್ ನೀರಿನಿಂದ ಹೊರಬಿದ್ದರೆ ತೆರೆದುಕೊಳ್ಳುವ ಫ್ಲೋಟ್ ಸ್ವಿಚ್. ಆ ಥರ್ಮೋಸ್ಟಾಟನ್ನು ಮ್ಯಾಶ್‌ನ ಹೊತ್ತಿಗೆ 70ಕ್ಕೆ ಇಟ್ಟು, ಕುದಿಸುವ ಮುನ್ನ ಮೇಲಕ್ಕೆ ತಿರುಗಿಸುತ್ತೇನೆ. ಮೂರರಲ್ಲಿ ಯಾವುದೊಂದು ತೆರೆದರೂ ಕಾಯಿಲ್ ಶಕ್ತಿ ಕಳೆದುಕೊಂಡು, ಸ್ಪ್ರಿಂಗ್ ತನ್ನ ಬಲದಿಂದಲೇ ಕಂಟ್ಯಾಕ್ಟರನ್ನು ಬಿಡಿಸುತ್ತದೆ. ವಿದ್ಯುತ್ ಹೋಗಿ ಮರಳಿ ಬಂದರೂ, ಹಸಿರು ಗುಂಡಿಯನ್ನು ನಾನು ಒತ್ತುವವರೆಗೆ ಎಲಿಮೆಂಟ್ ಹತ್ತುವುದಿಲ್ಲ. ಪರವಾನಗಿಯಿರುವ ಎಲೆಕ್ಟ್ರಿಷಿಯನ್ನರಿಂದ ಇಡೀ ಜೋಡಣೆಯನ್ನು ಪರೀಕ್ಷಿಸಿದ ಮೇಲೆಯೇ ಮೊದಲ ಸಲ ನೀರು ತುಂಬಿದೆ. ಕಟ್ಟುವವರೆಲ್ಲರೂ ಹಾಗೆ ಮಾಡಬೇಕೆಂದು ಒತ್ತಾಯಿಸುತ್ತೇನೆ.

ಬೆಲೆ ಕೇಳಬೇಕೆಂದಿರುವವರು ಮಾಲ್ಟ್ ಹಾಕುವ ಮುನ್ನವೇ ಬನ್ನಿ. ಆ ಹೊತ್ತಿಗೆ ನಾನು ಬರೀ ನೀರು ತುಂಬಿ, ಆರ್‌ಸಿಸಿಬಿಯ ಪರೀಕ್ಷಾ ಗುಂಡಿ ಒತ್ತಿ, ಫ್ಲೋಟ್ ಅನ್ನು ಕೈಯಿಂದ ಕೆಳಗಿಳಿಸಿ, ಥರ್ಮೋಸ್ಟಾಟನ್ನು ನೀರಿನ ಶಾಖಕ್ಕಿಂತ ಕೆಳಕ್ಕೆ ತಿರುಗಿಸಿ, ಪ್ರತಿಯೊಂದಕ್ಕೂ ಕಂಟ್ಯಾಕ್ಟರ್ ‘ಟಕ್’ ಎಂದು ಬಿಡುವುದನ್ನು ಕೇಳಿಸಿಕೊಳ್ಳುತ್ತಿರುತ್ತೇನೆ. ಒಂದು ಸಲ ಆ ಸದ್ದು ಬರದಿದ್ದರೂ ಆ ದಿನ ಮಾಲ್ಟ್ ಚೀಲ ಬಿಚ್ಚುವುದಿಲ್ಲ.