ನದಿಯನ್ನು ಗಡಿಯಲ್ಲಿ ಕತ್ತರಿಸುವ ಮುಂಚೆ: ಆತ್ರೇಯಿ ನಕ್ಷೆಯ ಕೆಲಸದಿಂದ ಕಲಿತದ್ದು

ಬೆಂಗಳೂರಿನಲ್ಲಿ ನನ್ನದು ಜಿಐಎಸ್, ಅಂದರೆ ಕಂಪ್ಯೂಟರ್ ನಕ್ಷೆಯ ಕೆಲಸ. ನದಿ, ಹಳ್ಳ, ಕಾಲುವೆಗಳ ನಕ್ಷೆ ಮಾಡುವುದು, ಒಂದು ಜಾಗಕ್ಕೆ ಎಲ್ಲೆಲ್ಲಿಂದ ನೀರು ಹರಿದು ಬರುತ್ತದೆ ಎಂದು ಲೆಕ್ಕ ಹಾಕುವುದು, ಹೀಗೆ. ತಂಡಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ನದಿಯ ಲೇಯರನ್ನು (ನಕ್ಷೆಯಲ್ಲಿ ನದಿಗಳಷ್ಟೇ ಇರುವ ಪದರವನ್ನು) ಗಡಿಗೆ ಸರಿಯಾಗಿ ಕ್ಲಿಪ್ ಮಾಡುವುದು, ಅಂದರೆ ಕತ್ತರಿಸುವುದು, ಕಟ್ಟಕಡೆಯ ಕೆಲಸ. ಅದನ್ನೇ ಮೊದಲು ಮಾಡಿಬಿಟ್ಟರೆ ಆಮೇಲೆ ಮಾಡುವ ಲೆಕ್ಕವೆಲ್ಲ ದಾರಿ ತಪ್ಪುತ್ತದೆ. ಇದನ್ನು ನನಗೆ ಗಟ್ಟಿಯಾಗಿ ಮನದಟ್ಟು ಮಾಡಿಸಿದ್ದು ಆತ್ರೇಯಿ ನದಿ.

ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ. ಗಂಗೆ, ಬ್ರಹ್ಮಪುತ್ರಗಳ ಪಕ್ಕದಲ್ಲಿ ಇದು ಸಣ್ಣ ನದಿಯೇ. ಉದ್ದ 390 ಕಿ.ಮೀ. ಆಸುಪಾಸು. ಉತ್ತರ ಬಂಗಾಳದ ಬಯಲಲ್ಲಿ ಹುಟ್ಟಿ ಬಾಂಗ್ಲಾದೇಶಕ್ಕೆ ಹೋಗುತ್ತದೆ. ಅಲ್ಲಿ ದಿನಾಜಪುರ ಜಿಲ್ಲೆ ದಾಟಿ ಮತ್ತೆ ಭಾರತಕ್ಕೆ ಬರುತ್ತದೆ. ಪಶ್ಚಿಮ ಬಂಗಾಳದ ದಕ್ಷಿಣ ದಿನಾಜಪುರ ಜಿಲ್ಲೆಯಲ್ಲಿ ಕುಮಾರಗಂಜ್, ಬಾಲೂರ್‌ಘಾಟ್ ಹಾದು ಪುನಃ ಬಾಂಗ್ಲಾದೇಶದ ಹಾದಿ ಹಿಡಿಯುತ್ತದೆ. ಮುಂದೆ ಚಲನ್ ಬೀಲ್ ಎಂಬ ದೊಡ್ಡ ಜೌಗು ಪ್ರದೇಶ. ಕೊನೆಗೆ ಆ ನೀರು ಸೇರುವುದು ಜಮುನಾ ನದಿಯನ್ನು, ಅಂದರೆ ಬಾಂಗ್ಲಾದೇಶದೊಳಗಿನ ಬ್ರಹ್ಮಪುತ್ರವನ್ನು. ಒಂದೇ ನದಿ ಒಂದೇ ಗಡಿಯನ್ನು ಮೂರು ಸಲ ದಾಟುತ್ತದೆ.

ನಮಗೆ ಬಂದ ಕೆಲಸ ಬಾಲೂರ್‌ಘಾಟ್ ಸುತ್ತಮುತ್ತ ಮಳೆಗಾಲದಲ್ಲಿ ಎಲ್ಲಿಯವರೆಗೆ ನೀರು ನಿಲ್ಲಬಹುದು ಎಂದು ತೋರಿಸುವುದು. ಕೆಲಸ ಕೊಟ್ಟ ಸಂಸ್ಥೆಯೇ ನದಿಗಳ ಲೇಯರನ್ನೂ ಕಳಿಸಿತ್ತು. ತೆರೆದು ನೋಡಿದರೆ ನೀಲಿ ಗೆರೆಗಳೆಲ್ಲ ಅಂತರರಾಷ್ಟ್ರೀಯ ಗಡಿಗೆ ಬಂದು ನಿಂತಿದ್ದವು. ಆಚೆ ಬದಿ ಪೂರ್ತಿ ಖಾಲಿ.

ಇದರ ಪರಿಣಾಮ ಕಾಣಬೇಕಾದರೆ ಆ ಲೇಯರಿನ ಟೇಬಲ್ ನೋಡಬೇಕು. ಪ್ರತಿ ತೊರೆಗೂ ನಾವು ಒಂದು ದರ್ಜೆ ಕೊಡುತ್ತೇವೆ. ಯಾವ ಉಪನದಿಯೂ ಸೇರದ, ಈಗಷ್ಟೇ ಹುಟ್ಟಿದ ತೊರೆಗೆ 1. ಎರಡು 1 ಸೇರಿದರೆ 2, ಎರಡು 2 ಸೇರಿದರೆ 3. ಆ ಫೈಲಿನಲ್ಲಿ ಕುಮಾರಗಂಜ್ ಹತ್ತಿರ ಆತ್ರೇಯಿಯ ದರ್ಜೆ 1 ಎಂದಿತ್ತು! ಜಲಪಾಯ್ಗುರಿ ಕಡೆಯಿಂದ ಹೊರಟು, ಪಂಚಗಢ, ದಿನಾಜಪುರ ಜಿಲ್ಲೆಗಳ ನೀರನ್ನೆಲ್ಲ ಹೊತ್ತು ಬರುವ ನದಿ ಅದು. ಸಾಫ್ಟ್‌ವೇರಿಗೆ ಅದು ಗಡಿಯ ಮೇಲೆ ಹುಟ್ಟಿದ ಹೊಸ ತೊರೆ. ಸಾಫ್ಟ್‌ವೇರಿನ ತಪ್ಪಲ್ಲ, ಮೇಲಿನದನ್ನು ನಾವು ತೋರಿಸಲೇ ಇಲ್ಲವಲ್ಲ. ಆ ದರ್ಜೆ ಇಟ್ಟುಕೊಂಡು ನೆರೆಯ ಲೆಕ್ಕ ಹಾಕಿದರೆ ಜಿಲ್ಲೆಯೊಳಗೆ ಬಿದ್ದ ಮಳೆಯ ನೀರಷ್ಟೇ ಲೆಕ್ಕಕ್ಕೆ ಸಿಗುತ್ತದೆ. ಬಾಲೂರ್‌ಘಾಟ್‌ನಲ್ಲಿ ಹನಿ ಮಳೆ ಇಲ್ಲದಿದ್ದರೂ ಮೇಲೆ ಜೋರು ಮಳೆಯಾದರೆ ಅಲ್ಲಿ ನೀರು ಏರುತ್ತದೆ. ಆ ನೀರು ನಮ್ಮ ನಕ್ಷೆಯಲ್ಲಿ ಬರುತ್ತಲೇ ಇರಲಿಲ್ಲ.

ನಾವು ಕ್ಲಿಪ್ ಆದ ಲೇಯರನ್ನು ಬದಿಗಿಟ್ಟು, ಉಪಗ್ರಹ ಚಿತ್ರ ಮತ್ತು ಎತ್ತರದ ದತ್ತಾಂಶ ಇಟ್ಟುಕೊಂಡು ಇಡೀ ನದಿಯನ್ನು ಹೊಸದಾಗಿ ಗುರುತಿಸಿದೆವು. ಇಲ್ಲಿ ಇನ್ನೊಂದು ಕಷ್ಟ. ನಮ್ಮ ಪಶ್ಚಿಮ ಘಟ್ಟದಲ್ಲಿ ಈ ಕೆಲಸ ಸುಲಭ. ಸಕಲೇಶಪುರದ ಕಡೆಯ ದಿಣ್ಣೆಗಳಲ್ಲಿ ಒಂದು ಬದಿ ಬಿದ್ದ ನೀರು ಹೇಮಾವತಿಗೆ, ಇನ್ನೊಂದು ಬದಿಯದು ನೇತ್ರಾವತಿಗೆ ಎಂದು ನಕ್ಷೆಯೇ ಕಣ್ಣಿಗೆ ಹೊಡೆಯುವಂತೆ ತೋರಿಸುತ್ತದೆ. ಬಾಲೂರ್‌ಘಾಟ್ ಸಮುದ್ರಮಟ್ಟದಿಂದ 25 ಮೀಟರ್ ಆಸುಪಾಸಿನಲ್ಲಿದೆ. ಅಲ್ಲಿ ನೆಲ ಕಿಲೋಮೀಟರಿಗೆ ಒಂದು ಗೇಣು ಇಳಿದರೆ ಅದೇ ಜಾಸ್ತಿ.

ನಾವು ಬಳಸಿದ್ದು ಎಸ್‌ಆರ್‌ಟಿಎಂ ದತ್ತಾಂಶ. 2000ರ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ರೇಡಾರ್ ಹಿಡಿದು ಭೂಮಿಯ ಬಹುಪಾಲು ನೆಲವನ್ನು ಅಳೆದು ಕೊಟ್ಟದ್ದು. ಅದರಲ್ಲಿ ಒಂದೊಂದು ಚೌಕ ಸುಮಾರು 30 ಮೀಟರ್. ಎತ್ತರವನ್ನು ಪೂರ್ಣ ಮೀಟರಿನಲ್ಲಿ ಬರೆದಿರುತ್ತಾರೆ. ಒಂದು ಮೀಟರ್ ಇಳಿಯಲು ಐದು ಕಿಲೋಮೀಟರ್ ಬೇಕಾದ ಕಡೆ, ಸಾಲಾಗಿ ನೂರೈವತ್ತಕ್ಕೂ ಹೆಚ್ಚು ಚೌಕಗಳಲ್ಲಿ ಒಂದೇ ಸಂಖ್ಯೆ ಇರಬೇಕು. ನಿಜವಾಗಿ ಇರುವುದು 24, 27, 25, 24, 29 ಎಂಬಂಥ ಏರಿಳಿತ. ಅದು ನೆಲವಲ್ಲ, ಮಾವಿನ ತೋಪು, ಬಿದಿರು ಮೆಳೆ, ರಸ್ತೆಯ ಏರಿ. ರೇಡಾರ್ ಮರದ ಎತ್ತರವನ್ನೂ ಸೇರಿಸಿಯೇ ಅಳೆದಿರುತ್ತದೆ. ಇದನ್ನು ನಂಬಿದ ಸಾಫ್ಟ್‌ವೇರ್ ತೋಪಿನ ಸುತ್ತ ನೀರನ್ನು ತಿರುಗಿಸುತ್ತದೆ. ಇಲ್ಲವೇ ಸಮತಟ್ಟು ನೆಲದ ಮೇಲೆ ಸ್ಕೇಲಿಟ್ಟು ಎಳೆದ ಹಾಗೆ ನೇರ ಗೆರೆಗಳನ್ನು ಎಳೆಯುತ್ತದೆ. ನದಿ ಎಲ್ಲಾದರೂ ಹಾಗೆ ಹರಿಯುತ್ತದಾ?

ಇದಕ್ಕೆ ಒಂದು ದಾರಿ ಇದೆ. ಉಪಗ್ರಹ ಚಿತ್ರದಲ್ಲಿ ನದಿ ಹರಿಯುವ ಜಾಗ ಕಾಣುತ್ತದಲ್ಲ, ಆ ಗೆರೆಯುದ್ದಕ್ಕೂ ಎತ್ತರದ ಸಂಖ್ಯೆಗಳನ್ನು ಬೇಕೆಂದೇ ಕೆಳಕ್ಕೆ ಇಳಿಸುವುದು. ಆಗ ಲೆಕ್ಕದ ನೀರು ನಿಜವಾದ ಪಾತ್ರ ಹಿಡಿಯುತ್ತದೆ. ಆದರೆ ಗಡಿಯ ಎರಡೂ ಬದಿ ಇದನ್ನು ಮಾಡಬೇಕು. ನಮ್ಮ ಬದಿ ಮಾತ್ರ ಇಳಿಸಿದರೆ ಗಡಿಯ ಮೇಲೆ ಒಂದು ಸುಳ್ಳು ಮೆಟ್ಟಿಲು ಹುಟ್ಟಿಕೊಳ್ಳುತ್ತದೆ.

ನೀರಿನ ಮಟ್ಟದ ಅಂಕಿಗಳಲ್ಲೂ ಎಚ್ಚರ ಬೇಕು. ಬಾಂಗ್ಲಾದೇಶದ ನೀರಿನ ಮಾಪಕಗಳು ಸಾಮಾನ್ಯವಾಗಿ ಪಿಡಬ್ಲ್ಯೂಡಿ ಸೊನ್ನೆ ಎಂಬ, ಅಲ್ಲಿ ಬಳಕೆಯಲ್ಲಿರುವ ಬೇರೆಯೇ ಸೊನ್ನೆ ಮಟ್ಟದಿಂದ ಅಳೆಯುತ್ತವೆ. ಅದು ಸಮುದ್ರಮಟ್ಟದ ಸೊನ್ನೆಗಿಂತ ಸುಮಾರು ಅರ್ಧ ಮೀಟರ್ ಕೆಳಗಿದೆ. ಅರ್ಧ ಮೀಟರ್ ತಾನೇ ಅನ್ನಬೇಡಿ. ಎರಡು ಬಗೆಯ ಅಂಕಿಗಳನ್ನು ಹಾಗೇ ಬೆರೆಸಿದರೆ, ಕಿಲೋಮೀಟರಿಗೆ ಗೇಣು ಇಳಿಯುವ ನೆಲದಲ್ಲಿ ಅದು ಎರಡು ಕಿಲೋಮೀಟರಿಗೂ ಹೆಚ್ಚಿನ ಇಳಿಜಾರನ್ನು ನುಂಗಿಹಾಕುತ್ತದೆ.

ಕೆಲಸದ ನಡುವೆ ನಾನು ಜಾಸ್ತಿ ಹೊತ್ತು ಕೂತದ್ದು ಹಳೆಯ ನಕ್ಷೆಗಳ ಮುಂದೆ. ಜೇಮ್ಸ್ ರೆನೆಲ್ 1764ರಿಂದ ಬಂಗಾಳದ ನದಿಗಳನ್ನು ಸರ್ವೆ ಮಾಡಿದವರು. ಅವರ ನಕ್ಷೆಯಲ್ಲಿ ತೀಸ್ತಾ ನದಿ ದಕ್ಷಿಣಕ್ಕೆ ಬಂದು ಆತ್ರೇಯಿಗೆ ನೀರು ತುಂಬುತ್ತದೆ. 1787ರ ಮಹಾ ಪ್ರವಾಹದಲ್ಲಿ ತೀಸ್ತಾ ದಿಕ್ಕು ಬದಲಿಸಿ ಬ್ರಹ್ಮಪುತ್ರದ ಕಡೆ ಹೊರಟುಹೋಯಿತು. ಹಿಮಾಲಯದ ನೀರು ತಪ್ಪಿದ ಮೇಲೆ ಆತ್ರೇಯಿ ಸೊರಗಿತು. ಉಪಗ್ರಹ ಚಿತ್ರದಲ್ಲಿ ಈಗಿನ ಪಾತ್ರದ ಅಕ್ಕಪಕ್ಕ ಹಳೆಯ ತಿರುವುಗಳು, ಕತ್ತರಿಸಿ ಉಳಿದ ಕೆರೆಗಳು ಯಾಕೆ ಇಷ್ಟೊಂದಿವೆ ಎಂಬ ನಮ್ಮ ಪ್ರಶ್ನೆಗೆ ದೊಡ್ಡ ಪಾಲು ಉತ್ತರ ಅಲ್ಲಿ ಸಿಕ್ಕಿತು. ನೆರೆ ಬಂದಾಗ ನೀರು ಮೊದಲು ಹುಡುಕುವುದು ಆ ತಗ್ಗುಗಳನ್ನೇ.

ಗಡಿಯೋ, ತೀರಾ ಇತ್ತೀಚಿನದು. ದೇಶ ವಿಭಜನೆಯ ಗಡಿಯಾದ ರಾಡ್‌ಕ್ಲಿಫ್ ಗೆರೆ ಪ್ರಕಟವಾದದ್ದು 1947ರ ಆಗಸ್ಟ್ 17ರಂದು. ಆಗ ಒಂದೇ ಆಗಿದ್ದ ದಿನಾಜಪುರ ಜಿಲ್ಲೆಯಲ್ಲಿ ಆ ಗೆರೆ ಬಹುಪಾಲು ಪೊಲೀಸ್ ಠಾಣೆಗಳ ಸರಹದ್ದನ್ನೇ ಹಿಡಿದು ಹೋಯಿತು. ಹಿಲಿ ಎಂಬ ಊರಿನ ಹತ್ತಿರ ರೈಲು ಹಳಿಯ ಪಕ್ಕಕ್ಕೆ ಬಂತು. ಠಾಣೆಯ ಸರಹದ್ದಿಗೂ ನೀರು ಹರಿಯುವ ದಿಕ್ಕಿಗೂ ಏನು ಸಂಬಂಧ? ಆತ್ರೇಯಿಯಷ್ಟೇ ಅಲ್ಲ, ಪಕ್ಕದ ಪುನರ್ಭವಾ, ಟಾಂಗನ್ ನದಿಗಳೂ ಹೀಗೇ ಬಾಂಗ್ಲಾದೇಶದಿಂದ ದಕ್ಷಿಣ ದಿನಾಜಪುರಕ್ಕೆ ಬರುತ್ತವೆ; ಪುನರ್ಭವಾ ಪುನಃ ಆಚೆ ಹೋಗುತ್ತದೆ.

ಬೇಸಿಗೆಯಲ್ಲಿ ಗಡಿಯ ಎರಡೂ ಬದಿಯ ಸಂಬಂಧ ಇನ್ನೂ ಬಿಗಿ. ಬಾಂಗ್ಲಾದೇಶದ ದಿನಾಜಪುರದ ಮೋಹನಪುರದಲ್ಲಿ ನದಿಗೆ ರಬ್ಬರ್ ಅಣೆಕಟ್ಟು ಇದೆ. ಗಾಳಿಯೋ ನೀರೋ ತುಂಬಿದರೆ ಉಬ್ಬಿ ನೀರು ತಡೆಯುತ್ತದೆ, ಬಿಟ್ಟರೆ ಮಲಗುತ್ತದೆ. ಅಲ್ಲಿನ ರೈತರ ಬೋರೋ ಎಂಬ ಬೇಸಿಗೆ ಭತ್ತಕ್ಕೆ ಆ ನೀರು ಬೇಕು. ಬಾಲೂರ್‌ಘಾಟ್‌ನಲ್ಲಿ ನದಿ ಬತ್ತುತ್ತದೆ ಎಂಬ ದೂರು ಪಶ್ಚಿಮ ಬಂಗಾಳದ್ದು. ಎರಡೂ ದೇಶಗಳ ಜಂಟಿ ನದಿ ಆಯೋಗ 1972ರಿಂದ ಇದೆ. ಹಂಚಿಕೊಂಡ ನದಿಗಳು 54. ಗಂಗೆಗೆ 1996ರಲ್ಲಿ ಒಪ್ಪಂದವಾಯಿತು, ಫೆನಿ ನದಿಗೆ 2019ರಲ್ಲಿ, ಕುಶಿಯಾರಾಕ್ಕೆ 2022ರಲ್ಲಿ ಸಣ್ಣ ತಿಳಿವಳಿಕೆ ಪತ್ರಗಳಾದವು. ಆತ್ರೇಯಿಯಂಥ ನದಿಗಳು ಮಾತುಕತೆಯಲ್ಲಿ ಹಿಂದೆ ಉಳಿಯುತ್ತವೆ. ನಕ್ಷೆಯಲ್ಲೂ ಅರ್ಧ ನದಿಯನ್ನೇ ತೋರಿಸುತ್ತಾ ಹೋದರೆ ಅವು ಇನ್ನೂ ಹಿಂದೆ ಬೀಳುತ್ತವೆ ಎಂಬುದು ನನ್ನ ಆತಂಕ.

ಕೆಲಸ ಕೊಟ್ಟವರಿಗೆ ನಾವು ಎರಡು ಫೈಲ್ ಕೊಟ್ಟೆವು. ಒಂದು, ಅವರು ಕೇಳಿದಂತೆ ಗಡಿಗೆ ಕ್ಲಿಪ್ ಆದದ್ದು. ಅದರಲ್ಲಿ ಕುಮಾರಗಂಜ್ ಹತ್ತಿರದ ಮೊದಲ ಬಿಂದುವಿಗೆ ಇಡೀ ನದಿಯಿಂದ ಲೆಕ್ಕ ಹಾಕಿದ ದರ್ಜೆ ಮತ್ತು ಮೇಲಿನ ಜಲಾನಯನದ ವಿಸ್ತೀರ್ಣ ಬರೆದಿದ್ದೆವು. ಇನ್ನೊಂದು, ಹುಟ್ಟಿನಿಂದ ಚಲನ್ ಬೀಲ್ ತನಕ ಪೂರ್ತಿ ನದಿ. ಎರಡನೆಯದು ಯಾಕೆ, ಕೇಳಿರಲಿಲ್ಲವಲ್ಲ ಎಂದರು. ಕುಳಿತು ತೋರಿಸಿದೆವು. ಈಗ ಪುನರ್ಭವಾದ ಕೆಲಸ ಬಂದಿದೆ. ಈ ಸಲ ಅವರ ಪತ್ರದಲ್ಲೇ ಗಡಿಯಾಚೆಯ ಜಲಾನಯನವೂ ಬೇಕು ಎಂದು ಬರೆದಿದ್ದಾರೆ.